ಅಂಕಿಯ ಪಕ್ಕದ ಅಕ್ಷರ



ಮೊದಲು ಒಂದು ಚಿಕ್ಕ ಪರೀಕ್ಷೆ. ಹೆದರಬೇಡಿ, ಇದರಲ್ಲಿ ಯಾರೂ ನಪಾಸಾಗುವುದಿಲ್ಲ. "1956ರಲ್ಲಿ" ಎಂದು ಬರೆದಿರುವುದನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡೋಣ.

ನಿಮ್ಮಲ್ಲಿ ಹೆಚ್ಚಿನವರು "ನೈಂಟೀನ್ ಫಿಫ್ಟಿ ಸಿಕ್ಸ್" ಎಂದು ಭರ್ರನೆ ಹೊರಟು, ಆ "ರಲ್ಲಿ" ಎದುರಾದ ಕೂಡಲೇ ಗಕ್ಕನೆ ನಿಂತಿರುತ್ತೀರಿ. "ಸಿಕ್ಸ್‌ರಲ್ಲಿ" ಎನ್ನಲು ನಾಲಗೆ ಒಪ್ಪುವುದಿಲ್ಲ. "ಸಿಕ್ಸ್‌ನಲ್ಲಿ" ಎಂದು ತಿದ್ದಿಕೊಂಡು ಮುಂದೆ ಹೋಗಿರುತ್ತೀರಿ. ಆದರೆ ಅಚ್ಚಾಗಿರುವುದು "ನಲ್ಲಿ" ಅಲ್ಲ, "ರಲ್ಲಿ". ಏಕೆ? ಏಕೆಂದರೆ ಅದನ್ನು ಬರೆದವರು ಮನಸ್ಸಿನಲ್ಲಿ "ಸಾವಿರದ ಒಂಬೈನೂರ ಐವತ್ತಾರು" ಎಂದುಕೊಂಡು ಬರೆದಿದ್ದಾರೆ. ಐವತ್ತಾರು, ಐವತ್ತಾರರಲ್ಲಿ. ಅಂಕಿಗಳಿಗೆ ಯಾವ ಭಾಷೆಯೂ ಇಲ್ಲ, ಅವನ್ನು ಯಾರು ಹೇಗೆ ಬೇಕಾದರೂ ಓದಬಹುದು. ಆದರೆ ಪಕ್ಕದಲ್ಲಿ ಕೂತ ಆ ಒಂದು "ರ" ಮಾತ್ರ ನಿಮ್ಮನ್ನು ಕೈಹಿಡಿದು ಕನ್ನಡಕ್ಕೆ ಎಳೆಯುತ್ತದೆ.

ನನ್ನಂಥ ಗೃಹಿಣಿಗೆ ಈ ವ್ಯಾಕರಣದ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಧಾರವಾಡದಲ್ಲಿ ಇಂಗ್ಲಿಷ್ ತೆಗೆದುಕೊಂಡು ಬಿ.ಎ. ಮಾಡಿದವಳು ನಾನು. ಶಾಲೆಯಲ್ಲಿ "ಪ್ರಥಮಾ ಉ, ದ್ವಿತೀಯಾ ಅನ್ನು, ತೃತೀಯಾ ಇಂದ, ಚತುರ್ಥೀ ಗೆ, ಇಗೆ, ಕ್ಕೆ" ಎಂದು ಮಗ್ಗಿಯಂತೆ ಒಪ್ಪಿಸಿ, ಪರೀಕ್ಷೆ ಮುಗಿದ ಮರುದಿನವೇ ಮರೆತವಳು. 1993ರಲ್ಲಿ ಮದುವೆಯಾಗಿ ಪುಣೆಗೆ ಬಂದ ಮೇಲೆ ಅಡಿಗೆ, ಮಗು, ಅತ್ತೆ ಮಾವ, ಸಂಘದ ಹಳದಿ ಕುಂಕುಮ ಇವಿಷ್ಟರಲ್ಲೇ ದಿನ ಕಳೆದವು. ಈ ಪ್ರತ್ಯಯಗಳ ಕಡೆಗೆ ನಾನು ಕಣ್ಣೆತ್ತಿ ನೋಡಿದ್ದು ಐವತ್ತು ದಾಟಿದ ಮೇಲೆ, ಅದೂ ಸಾವಿರಾರು ಮೈಲಿ ದೂರದ ಎರಡು ಪರದೇಶಗಳಲ್ಲಿ. ಆ ಕಥೆಯನ್ನೇ ನಿಮಗೆ ಹೇಳಹೊರಟಿದ್ದೇನೆ. ಅದರ ಜೊತೆಗೆ ನನ್ನದೊಂದು ತಪ್ಪನ್ನೂ ಹೇಳಿಕೊಳ್ಳಬೇಕಾಗಿದೆ.

ನನಗೆ ಒಬ್ಬಳೇ ಮಗಳು. ಕೆಲಸದ ನಿಮಿತ್ತ ಕೆಲವು ವರ್ಷ ಹಂಗೇರಿಯ ರಾಜಧಾನಿ ಬುಡಾಪೆಸ್ಟ್‌ನಲ್ಲಿದ್ದಳು. 2022ರ ಶರತ್ಕಾಲದಲ್ಲಿ ಮೂರು ತಿಂಗಳು ಅವಳ ಜೊತೆ ಇರಲು ಹೋದೆ. ಅವಳು ಬೆಳಿಗ್ಗೆ ಆಫೀಸಿಗೆ ಹೋದರೆ ಮರಳುವುದು ಸಂಜೆಗೆ. ನಾನೊಬ್ಬಳೇ ಮನೆಯಲ್ಲಿ. ಟಿ.ವಿ. ಹಚ್ಚಿದರೆ ಒಂದಕ್ಷರ ತಿಳಿಯದು. ನನ್ನ ಬಿ.ಎ. ಇಂಗ್ಲಿಷ್ ಅಲ್ಲಿನ ತರಕಾರಿ ಅಂಗಡಿಯಲ್ಲಿ ಕಾಸಿಗೂ ಉಪಯೋಗಕ್ಕೆ ಬರಲಿಲ್ಲ. ಕೆಳಗಿನ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಇದ್ದರು. ಹಂಗೇರಿಯಲ್ಲಿ ಹಿರಿಯ ಹೆಂಗಸರನ್ನು ಹೆಸರಿನ ಮುಂದೆ "ನೇನಿ" ಸೇರಿಸಿ ಕರೆಯುತ್ತಾರೆ, ನಾವು ಗಂಗಕ್ಕ, ಸರೋಜಕ್ಕ ಎಂದ ಹಾಗೆ. ನಾನು ಅವರನ್ನು ಬರೀ ನೇನಿ ಎಂದೇ ಕರೆಯುತ್ತಿದ್ದೆ. ಒಂದು ದಿನ ಅವರು ಪೊಗಾಚ ಎಂಬ ಖಾರದ ಬಿಸ್ಕತ್ತಿನಂಥ ತಿಂಡಿ ತಂದುಕೊಟ್ಟರು. ನಾನು ಕೋಡುಬಳೆ ಕೊಟ್ಟೆ. ಅಲ್ಲಿಂದ ನಮ್ಮ ಸ್ನೇಹ, ಅದರ ಹಿಂದೆಯೇ ನನ್ನ ಪಾಠ.

ಮೊದಲು ಬೆರಗು ಹುಟ್ಟಿಸಿದ್ದು ಅಲ್ಲಿನ ಟ್ರಾಮು. ನಾಲ್ಕನೇ ನಂಬರು, ಆರನೇ ನಂಬರು ಟ್ರಾಮುಗಳು ಊರಿನ ದೊಡ್ಡ ರಸ್ತೆಯಲ್ಲಿ ಸದಾ ಓಡಾಡುತ್ತವೆ. ಬರೆಯುವಾಗ 4ರ ಮುಂದೆ "ಎಶ್" ಎಂಬ ಬಾಲ, 6ರ ಮುಂದೆ "ಓಶ್" ಎಂಬ ಬಾಲ. ಎರಡೂ ಒಂದೇ ಪ್ರತ್ಯಯ, "ಆ ನಂಬರಿನದು" ಎಂಬ ಅರ್ಥ. ಹಾಗಾದರೆ ಎರಡು ರೂಪ ಏಕೆ? ಸಂಜೆ ಮಗಳನ್ನು ಕೇಳಿದೆ. ಅವಳು ಆ ಭಾಷೆಯ ತರಗತಿಗೆ ಹೋಗುತ್ತಿದ್ದಳು. ಅವಳು ಹೇಳಿದ್ದು ಇಷ್ಟು: ಹಂಗೇರಿಯನ್ನಿನಲ್ಲಿ ಸ್ವರಗಳಲ್ಲಿ ಎರಡು ಪಂಗಡ. ಅ, ಒ, ಉ ಒಂದು ಕಡೆ. ಎ, ಇ ಮುಂತಾದವು ಇನ್ನೊಂದು ಕಡೆ. ಶಬ್ದದಲ್ಲಿ ಯಾವ ಪಂಗಡದ ಸ್ವರವಿದೆಯೋ ಪ್ರತ್ಯಯವೂ ಅದೇ ಪಂಗಡದ್ದಾಗಿರಬೇಕು. ಮನೆಗೆ "ಹಾಜ್", ಮನೆಯಲ್ಲಿ "ಹಾಜ್‌ಬನ್". ತೋಟಕ್ಕೆ "ಕೆರ್ತ್", ತೋಟದಲ್ಲಿ "ಕೆರ್ತ್‌ಬೆನ್". ನಮ್ಮ "ಅಲ್ಲಿ"ಗೆ ಅವರಲ್ಲಿ ಬನ್ ಮತ್ತು ಬೆನ್ ಎಂಬ ಜೋಡಿ.

ನಮ್ಮಲ್ಲೂ ಹೀಗೆ ಶಬ್ದವನ್ನು ನೋಡಿ ರೂಪ ಬದಲಿಸುವ ಪ್ರತ್ಯಯವಿಲ್ಲವೇ? ಮನೆಗೆ, ಊರಿಗೆ, ಮರಕ್ಕೆ. ನೀವು "ಮರಗೆ" ಎಂದರೆ ತಪ್ಪೆಂದು ಕಿವಿಗೆ ಗೊತ್ತಾಗುತ್ತದೆ, ಏಕೆಂದು ಹೇಳಲು ಬರುವುದಿಲ್ಲ. ನೇನಿಗೂ ಹಾಗೆಯೇ. ಅವರು ಎಂದೂ ಸ್ವರದ ಪಂಗಡ ಎಣಿಸಿದವರಲ್ಲ.

ಈಗ ಇಸವಿಗೆ ಬರೋಣ. ಅವರೂ ನಮ್ಮ ಹಾಗೆಯೇ ಅಂಕಿಯ ಬೆನ್ನಿಗೆ ಅಕ್ಷರ ಅಂಟಿಸುತ್ತಾರೆ, ನಡುವೆ ಒಂದು ಚಿಕ್ಕ ಗೀಟು ಎಳೆದು. ಅವರ ದೊಡ್ಡ ಕ್ರಾಂತಿ ಆದದ್ದು 1848-ಬನ್. ಅದು ಸೋತದ್ದು 1849-ಬೆನ್. ಒಂದೇ ವರ್ಷದ ಅಂತರದಲ್ಲಿ ಬನ್ ಹೋಗಿ ಬೆನ್ ಆಯಿತು, ಏಕೆಂದರೆ ಎಂಟಕ್ಕೆ ಅವರು "ನ್ಯೊಲ್ತ್ಸ್" ಎನ್ನುತ್ತಾರೆ, ಒಂಬತ್ತಕ್ಕೆ "ಕಿಲೆಂತ್ಸ್". ಮೊದಲನೆಯದರಲ್ಲಿ "ಒ", ಎರಡನೆಯದರಲ್ಲಿ "ಎ". ಅಂಕಿಯನ್ನು ಇಂಗ್ಲಿಷಿನಲ್ಲಿ ಓದಿಕೊಂಡವರಿಗೆ ಯಾವ ಬಾಲ ಹಚ್ಚಬೇಕೆಂದು ಎಂದಿಗೂ ತಿಳಿಯುವುದಿಲ್ಲ. ಅಂಕಿಯನ್ನು ಹಂಗೇರಿಯನ್ನಿನಲ್ಲೇ ಉಚ್ಚರಿಸಬೇಕು, ಆಗ ಬಾಲ ತಾನಾಗಿ ಬರುತ್ತದೆ. ಆರಕ್ಕೆ ಅವರು "ಹತ್" ಎನ್ನುತ್ತಾರೆ. ನಮ್ಮ ಹತ್ತು ಅವರ ಆರು! ಅಂಗಡಿಯಲ್ಲಿ ಆರು ಮೊಟ್ಟೆಯ ಬೆಲೆ ಕೇಳಿ ಹತ್ತೆಂದು ತಿಳಿದು ನಾನು ಪಟ್ಟ ಫಜೀತಿ ಬೇರೆಯೇ ಕಥೆ. ಅದಿರಲಿ, "ಹತ್"ನಲ್ಲಿ "ಅ" ಇರುವುದರಿಂದ 1956-ಬನ್.

ಇನ್ನು ತಾರೀಖು. ಇಲ್ಲಿ ನಾನು ನಿಜವಾಗಿ ದಂಗಾದೆ. ಇಂಗ್ಲಿಷಿನವರು ದಿನ ಮೊದಲು ಹೇಳುತ್ತಾರೆ, ಅಮೆರಿಕದವರು ತಿಂಗಳು ಮೊದಲು. ಹಂಗೇರಿಯವರು ಮೊದಲು ಇಸವಿ, ಆಮೇಲೆ ತಿಂಗಳು, ಕೊನೆಗೆ ದಿನ, ಆ ದಿನಕ್ಕೆ ಪ್ರತ್ಯಯ. ನಾವು "1956ರ ನವೆಂಬರ್ 1ರಂದು" ಎನ್ನುವುದಿಲ್ಲವೇ? ಸಾಕ್ಷಾತ್ ಅದೇ ಕ್ರಮ. ಅಷ್ಟೇ ಅಲ್ಲ, ನಾವು "1956ರಲ್ಲಿ, ನವೆಂಬರಿನಲ್ಲಿ" ಎನ್ನುತ್ತೇವೆ, ದಿನಕ್ಕೆ ಬಂದಾಗ ಮಾತ್ರ "ಅಲ್ಲಿ" ಬಿಟ್ಟು "1ರಂದು" ಎನ್ನುತ್ತೇವೆ. ಅವರೂ ಇಸವಿಗೂ ತಿಂಗಳಿಗೂ "ಒಳಗೆ" ಎಂಬರ್ಥದ ಬನ್, ಬೆನ್ ಹಚ್ಚಿ, ದಿನಕ್ಕೆ ಬಂದಾಗ ಅದನ್ನು ಬಿಟ್ಟು "ಮೇಲೆ" ಎಂಬರ್ಥದ "ನ್" ಹಚ್ಚುತ್ತಾರೆ. ನವೆಂಬರ್ ಒಂದು ಎಂಬುದು "ನೊವೆಂಬೆರ್ ಎಲ್ಶೆಯೆ", ಒಂದರಂದು ಎಂಬುದು "ನೊವೆಂಬೆರ್ ಎಲ್ಶೆಯೇನ್". ವರ್ಷ ಮತ್ತು ತಿಂಗಳು ಅವರಿಗೆ ಒಳಗಿರುವ ಕೋಣೆ, ದಿನ ಮಾತ್ರ ಕಾಲಿಟ್ಟು ನಿಲ್ಲುವ ನೆಲ. ನಮ್ಮ "ರಂದು" ಎಲ್ಲಿಂದ ಬಂತು ಗೊತ್ತೇ? "ಒಂದರ" ಮತ್ತು "ಅಂದು" ಸೇರಿ ಒಂದರಂದು. ಅಂದು ಎಂದರೆ ಆ ದಿನ. ನಾವು ತಾರೀಖು ಹೇಳಿದಾಗಲೆಲ್ಲ ಕೊನೆಯಲ್ಲಿ "ಆ ದಿನ" ಎಂದು ಬೆರಳು ಮಾಡಿ ತೋರಿಸುತ್ತೇವೆ.

ಊರುಗಳ ವಿಷಯದಲ್ಲೂ ಒಂದು ಸ್ವಾರಸ್ಯವಿದೆ. ಹಂಗೇರಿಯವರು ತಮ್ಮ ದೇಶದ ಊರುಗಳಲ್ಲಿ ಹೆಚ್ಚಿನವಕ್ಕೆ "ಮೇಲೆ" ಎಂಬ ಪ್ರತ್ಯಯ ಹಚ್ಚುತ್ತಾರೆ, ಪರದೇಶದ ಊರುಗಳಿಗೆ "ಒಳಗೆ" ಎಂಬುದನ್ನು. ಲಂಡನ್ನಿಗೆ "ಲೊಂಡೊನ್‌ಬನ್", ಆದರೆ "ಬುಡಪೆಶ್ತೆನ್". ಡೆಬ್ರೆಟ್ಸೆನ್‌ನಂಥ ಸ್ವದೇಶದ ಕೆಲವು ಊರುಗಳೂ "ಒಳಗೆ" ಗುಂಪಿಗೆ ಸೇರುತ್ತವೆ, ಭಾಷೆ ಅಂದರೆ ಹಾಗೆಯೇ. ನಾನು ಒಂದು ದಿನ ನೇನಿಗೆ ದೊಡ್ಡ ಜಂಬದಿಂದ "ಬುಡಪೆಶ್ತ್‌ಬೆನ್" ಎಂದೆ. ನನ್ನ ಮಗಳು ಬುಡಾಪೆಸ್ಟ್‌ನಲ್ಲಿದ್ದಾಳೆ ಎನ್ನುವುದು ನನ್ನ ಉದ್ದೇಶ. ಅವರು ನಗಲಿಲ್ಲ. ನನ್ನ ಕೈಮೇಲೆ ಮೆಲ್ಲಗೆ ತಟ್ಟಿ, "ಬುಡಪೆಶ್ತೆನ್, ಹೌದು, ಬುಡಪೆಶ್ತೆನ್" ಎಂದು ತಲೆಯಾಡಿಸಿ ಮಾತು ಮುಂದುವರಿಸಿದರು. ತಿದ್ದಿದ್ದೂ ಆಯಿತು, ನನ್ನ ಮುಖ ಬಾಡಿಸಿದ್ದೂ ಇಲ್ಲ. ಸೋಫಾದಲ್ಲಿ ಕೂತಿದ್ದ ನನ್ನ ಮಗಳು ಇದನ್ನೆಲ್ಲ ನೋಡುತ್ತಿದ್ದಳು. ಏನೂ ಅನ್ನಲಿಲ್ಲ.

ನವೆಂಬರ್ ಒಂದು ಬಂತು. ಇಲ್ಲಿ ಪುಣೆಯಲ್ಲಿ ನೀವೆಲ್ಲ ಧ್ವಜ ಕಟ್ಟಿ ರಾಜ್ಯೋತ್ಸವ ಮಾಡುತ್ತಿದ್ದಿರಿ. ಅಲ್ಲಿ ಅಂದು ಸಾರ್ವಜನಿಕ ರಜೆ, ಆದರೆ ಸಂಭ್ರಮದ್ದಲ್ಲ. ಎಲ್ಲ ಸಂತರ ದಿನ. ಜನ ತಮ್ಮವರ ಗೋರಿಗಳಿಗೆ ಹೋಗಿ ಹೂವಿಟ್ಟು ದೀಪ ಹಚ್ಚುತ್ತಾರೆ. ನೇನಿ ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ಎಲ್ಲರ ಕೈಯಲ್ಲೂ ಸೇವಂತಿಗೆ. ನಾವು ಮುಡಿಯುವ, ದೇವರಿಗೆ ಏರಿಸುವ ಹೂವು ಅಲ್ಲಿ ಸ್ಮಶಾನದ ಹೂವು. ಕತ್ತಲಾಗುತ್ತಿದ್ದಂತೆ ಸಾವಿರಾರು ದೀಪ. ನಮ್ಮ ಕಾರ್ತಿಕದ ದೀಪೋತ್ಸವದ ನೆನಪಾಯಿತು.

ಗೋರಿಯ ಮುಂದೆ ನಿಂತು ನೇನಿ ಏನೋ ಹೇಳತೊಡಗಿದರು. ಮಗಳು ತುಸು ಹೊತ್ತು ಕೇಳಿ ನನಗೆ ಕನ್ನಡದಲ್ಲಿ ಹೇಳತೊಡಗಿದಳು. ಹೌದು, ಕನ್ನಡದಲ್ಲಿ. ನನ್ನೊಡನೆ ಸದಾ ಇಂಗ್ಲಿಷ್ ಆಡುವ ಹುಡುಗಿ, ಆ ಹೊತ್ತಿನಲ್ಲಿ ಅದೇಕೋ ಕನ್ನಡಕ್ಕೆ ತಿರುಗಿದಳು. "ಅಮ್ಮ, ಅವರು ಹೇಳ್ತಾರ, ಐವತ್ತಾರ್‌ಲಾ ಅವರು ಎಂಟ್ ವರ್ಷದವರು. ನವೆಂಬರ್ ಏಕ್ ತಾರೀಖ್‌ಲಾ ಮನ್ಯಾಗ ಎಲ್ಲಾರೂ ರೇಡಿಯೋ ಮುಂದ ಕೂತಿದ್ರಂತ."

1956ರ ಅಕ್ಟೋಬರ್ 23ರಂದು ಬುಡಾಪೆಸ್ಟ್‌ನಲ್ಲಿ ಸೋವಿಯತ್ ಹಿಡಿತದ ವಿರುದ್ಧ ಜನ ದಂಗೆ ಎದ್ದರು. ನವೆಂಬರ್ 1ರಂದು ಪ್ರಧಾನಿ ನಾಜ್ ಇಮ್ರೆ ಹಂಗೇರಿ ವಾರ್ಸಾ ಒಪ್ಪಂದದಿಂದ ಹೊರಬಂದಿದೆ, ಇನ್ನು ನಮ್ಮದು ತಟಸ್ಥ ದೇಶ ಎಂದು ಸಾರಿದರು. ನವೆಂಬರ್ 4ರಂದು ಸೋವಿಯತ್ ಟ್ಯಾಂಕುಗಳು ನಗರಕ್ಕೆ ನುಗ್ಗಿದವು. ನಾಜ್ ಅವರನ್ನು 1958ರಲ್ಲಿ ಗಲ್ಲಿಗೇರಿಸಿದರು. 1989ರಲ್ಲಷ್ಟೇ ಅವರಿಗೆ ಗೌರವದ ಮಣ್ಣು ಸಿಕ್ಕಿತು. ಯೋಚಿಸಿ ನೋಡಿ ಮಕ್ಕಳೇ, ಅದೇ 1956ರ ನವೆಂಬರ್ 1ರಂದು ಇತ್ತ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗುಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು ಒಂದೇ ರಾಜ್ಯದಲ್ಲಿ ಕೂಡಿದ್ದು. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ನನ್ನ ತಂದೆ ಆ ದಿನದ ಸಂಭ್ರಮವನ್ನು ಹೇಳುತ್ತಿದ್ದರು. ಅದೇ ದಿನ ಈ ಹೆಂಗಸಿನ ಮನೆಯಲ್ಲಿ ಆಸೆ ಮತ್ತು ಭಯ ಎರಡೂ ಒಟ್ಟಿಗೆ ಕೂತಿದ್ದವು. ಇದನ್ನು ನಾನು ನೇನಿಗೆ ಹೇಳು ಎಂದೆ. ಮಗಳು ಹೇಳಿದಳು. ನೇನಿ ನನ್ನ ಕೈ ಹಿಡಿದು, "ಎಲ್ಶೆಯೇನ್?" ಎಂದು ಕೇಳಿದರು. ಒಂದರಂದೇ? ನಾನು "ಎಲ್ಶೆಯೇನ್" ಎಂದೆ.

ಅಂದು ರಾತ್ರಿ ಮನೆಗೆ ಬಂದ ಮೇಲೆ ನಾನು ನಗುನಗುತ್ತಾ, "ನಿನ್ನ ಆ 'ಲಾ' ಇನ್ನೂ ಹೋಗಿಲ್ಲ ನೋಡು" ಎಂದೆ. ಮಗಳ ಮುಖ ಒಮ್ಮೆಲೇ ಬದಲಾಯಿತು. "ಅಮ್ಮ, ನೀ ತಪ್ಪ್ ಮಾತಾಡಿದಾಗ ನೇನಿ ನಕ್ರೇನು?" ಎಂದಳು.

ಈಗ ನನ್ನ ತಪ್ಪಿನ ಕಥೆ.

2004ರ ಮೇ ತಿಂಗಳು. ಧಾರವಾಡದಲ್ಲಿ ನನ್ನ ತಮ್ಮನ ಮದುವೆ. ಮಗಳಿಗೆ ಒಂಬತ್ತು ವರ್ಷ. ಪುಣೆಯಲ್ಲಿ ಹುಟ್ಟಿ, ಮರಾಠಿ ಗೆಳತಿಯರ ಜೊತೆ ಬೆಳೆದವಳು. ಮರಾಠಿಯಲ್ಲಿ ನಮ್ಮ "ಗೆ"ಗೆ "ಲಾ" ಎನ್ನುತ್ತಾರೆ, ಒಂದನೇ ತಾರೀಖಿಗೆ "ಏಕ್ ತಾರಖೇಲಾ" ಎನ್ನುತ್ತಾರೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಅವಳು ಮದುವೆ ಮನೆಯ ಪಡಸಾಲೆಯಲ್ಲಿ, ನಲವತ್ತು ಜನರ ಎದುರು, ಹುರುಪಿನಿಂದ "ನಾ ಅಜ್ಜೀಲಾ ಸ್ವೆಟರ್ ತಂದೀನಿ, ನಾವು ಒಂದ್ ತಾರೀಖ್‌ಲಾ ವಾಪಸ್ ಹೋಗ್ತೀವಿ" ಎಂದಳು. ಪಡಸಾಲೆಗೆ ಪಡಸಾಲೆಯೇ ನಕ್ಕಿತು. ಒಬ್ಬರು "ಅಜ್ಜೀಲಾ ಏನಾತು?" ಎಂದು ಅಣಕಿಸಿದರು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವಳು ನಾನು. ಅಷ್ಟು ಸಾಲದೆಂದು ಆಮೇಲಿನ ಎಷ್ಟೋ ವರ್ಷ, ಪುಣೆಯಲ್ಲಿ ನೆಂಟರು ಬಂದಾಗ, ಸಂಘದ ಹೆಂಗಸರು ಕೂಡಿದಾಗ, ಈ "ಅಜ್ಜೀಲಾ" ಕಥೆಯನ್ನು ಮಗಳ ಎದುರಿಗೇ ಅಭಿನಯ ಸಮೇತ ಹೇಳಿ ನಗಿಸಿದ್ದೇನೆ. ಅದು ನನಗೆ ಮಗಳ ಬಗೆಗಿನ ಮುದ್ದಿನ ಕಥೆಯಾಗಿತ್ತು.

ಮಗಳ ಪಾಲಿಗೆ ಅದು ಬೇರೆಯೇ ಆಗಿತ್ತು. ಅಂದಿನಿಂದ ಅವಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸತೊಡಗಿದಳು. ದೊಡ್ಡ ಶಾಲೆಗೆ ಸೇರಿದ್ದಕ್ಕೆ ಹೀಗೆ ಎಂದು ನಾವು ತಿಳಿದೆವು. ನಿಜ ಹೇಳಬೇಕೆಂದರೆ, ಬಿ.ಎ. ಓದಿದ ನನಗೆ ಒಳಗೊಳಗೇ ಹೆಮ್ಮೆಯೂ ಆಗಿತ್ತು. ಧಾರವಾಡದಿಂದ ನನ್ನ ಅವ್ವ ಫೋನು ಮಾಡಿದಾಗ ರಿಸೀವರು ಮಗಳ ಕೈಗೆ ಕೊಟ್ಟರೆ "ಹಾಂ", "ಹೂಂ", "ಛಲೋ ಅದೀನಿ" ಇಷ್ಟೇ. ಆಚೆ ಅವ್ವನಿಗೂ ಮುಂದೆ ಏನು ಕೇಳಬೇಕೋ ತಿಳಿಯದು. ಸ್ವಲ್ಪ ಹೊತ್ತು ಎರಡೂ ಕಡೆ ಸುಮ್ಮನೆ, ಆಮೇಲೆ ಫೋನು ನನ್ನ ಕೈಗೆ. ಹೀಗೆ ಏಳು ವರ್ಷ ನಡೆಯಿತು. 2011ರಲ್ಲಿ ಅವ್ವ ತೀರಿಕೊಂಡರು.

"ಅಜ್ಜಿ ಜೋಡಿ ಮಾತಾಡಬೇಕಂತ ಭಾಳ ಅನಸ್ತಿತ್ತು. ಮತ್ತ ಎಲ್ಲಾರೂ ನಗ್ತೀರಿ ಅಂತ ಸುಮ್ಮ ಇರ್ತಿದ್ದೆ" ಎಂದಳು ಮಗಳು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಒಂದು "ಗೆ"ಯ ಜಾಗದಲ್ಲಿ "ಲಾ" ಬಂದರೆ ಏನು ಕೆಟ್ಟುಹೋಗುತ್ತಿತ್ತು? ಸ್ವೆಟರು ಅಜ್ಜಿಗೇ ತಲುಪಿತ್ತು. ಮಾತು ತಲುಪದ ಹಾಗೆ ಮಾಡಿದವಳು ನಾನು.

ಮರುದಿನದಿಂದ ಮಗಳು ಕನ್ನಡ ಆಡಿದಾಗ ನೇನಿಯ ಪದ್ಧತಿಯನ್ನೇ ಹಿಡಿದೆ. ಅವಳು "ಆಫೀಸ್‌ಲಾ ಹೋಗ್ತೀನಿ" ಎಂದರೆ "ಆಫೀಸಿಗೆ ಹೋಗ್ತೀಯಾ? ಡಬ್ಬಿ ಇಟ್ಟೀನಿ ನೋಡು" ಎನ್ನುವುದು, ಅಷ್ಟೇ. ತಪ್ಪನ್ನು ಎತ್ತಿ ತೋರಿಸದೆ, ಸರಿಯಾದುದನ್ನು ಮಾತಿನಲ್ಲಿ ಹಾಕಿ ಮುಂದೆ ಹೋಗುವುದು. ನಾನು ಹೊರಡುವ ಹೊತ್ತಿಗೆ ದಿನಕ್ಕೆ ಅರ್ಧ ಗಂಟೆಯಾದರೂ ನಮ್ಮ ನಡುವೆ ಕನ್ನಡ ನಡೆಯುತ್ತಿತ್ತು.

ಅಲ್ಲಿದ್ದಾಗ ತಿಳಿದ ಇನ್ನೊಂದು ಸಂಗತಿ ನಿಮ್ಮ ಕಿವಿಗೆ ಹಾಕಬೇಕು. ಹಂಗೇರಿಯನ್ ಪ್ರತ್ಯಯಗಳಲ್ಲಿ ಹಲವು ಒಂದು ಕಾಲಕ್ಕೆ ಬಿಡಿ ಶಬ್ದಗಳಾಗಿದ್ದವು. 1055ರಲ್ಲಿ ತಿಹನ್ಯ್ ಎಂಬಲ್ಲಿನ ಮಠಕ್ಕೆ ರಾಜ ಕೊಟ್ಟ ಲ್ಯಾಟಿನ್ ಶಾಸನಪತ್ರದ ನಡುವೆ ಕೆಲವು ಹಂಗೇರಿಯನ್ ಮಾತುಗಳಿವೆ. ಫೆಹೇರ್‌ವಾರ್ ಎಂಬ ಊರಿಗೆ ಹೋಗುವ ದಾರಿ ಎನ್ನುವಲ್ಲಿ "ರೆಯ" ಎಂಬ ಶಬ್ದ ಬೇರೆಯಾಗಿಯೇ ನಿಂತಿದೆ. ಇಂದು ಅದು ಸವೆದು "ರ", "ರೆ" ಎಂಬ ಪ್ರತ್ಯಯವಾಗಿದೆ. ನಮ್ಮ ಧಾರವಾಡದ ಕಡೆ "ಮನೆಯೊಳಗೆ" ಎಂಬುದು ಸವೆದು "ಮನ್ಯಾಗ" ಆದಂತೆ. ನಿಮ್ಮ ಅಪ್ಪ ಅಮ್ಮ "ಮನ್ಯಾಗ" ಎಂದರೆ ಅದು ಅಶುದ್ಧವೆಂದು ನಾಚಬೇಡಿ. ಸಾವಿರ ವರ್ಷ ಬಾಯಿಂದ ಬಾಯಿಗೆ ಬಂದ ನಾಣ್ಯ ಸವೆದಿರುತ್ತದೆ, ಅದರ ಬೆಲೆ ಕಡಿಮೆಯಾಗಿರುವುದಿಲ್ಲ.

ಹಂಗೇರಿಗೂ ನಮ್ಮ ದೇಶಕ್ಕೂ ಹಳೆಯ ನಂಟಿದೆ. ನೇನಿಗೆ ಇಂಡಿಯಾ ಎಂದಾಕ್ಷಣ ನೆನಪಾದ ಹೆಸರು ಕೊರೊಶಿ ಚೋಮಾ ಶಾಂದೋರ್. ಅವರಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಕೊನೆಗೆ. ಕೊರೊಶಿ ಎಂದರೆ ಕೊರೊಶ್ ಎಂಬ ಊರಿನವನು. ನಮ್ಮ ಕಡೆ ಊರಿಗೆ "ಕರ" ಹಚ್ಚಿದ ಹಾಗೆ ಅವರು "ಇ" ಹಚ್ಚುತ್ತಾರೆ. 1784ರಲ್ಲಿ ಹುಟ್ಟಿದ ಈತ ತನ್ನ ಜನರ ಮೂಲ ಹುಡುಕುತ್ತ ಏಷ್ಯಾಕ್ಕೆ ಬಂದು, ಲಡಾಖಿನ ಕಡೆ ಮಠಗಳ ಚಳಿಯಲ್ಲಿ ಕೂತು ಟಿಬೆಟನ್ ಕಲಿತ. ಅವನ ಟಿಬೆಟನ್ ಇಂಗ್ಲಿಷ್ ನಿಘಂಟು 1834ರಲ್ಲಿ ಕಲಕತ್ತೆಯಲ್ಲಿ ಅಚ್ಚಾಯಿತು. 1842ರಲ್ಲಿ ಡಾರ್ಜಿಲಿಂಗಿನಲ್ಲಿ ತೀರಿಕೊಂಡ. ತನ್ನ ಭಾಷೆಯ ಬೇರು ಹುಡುಕಲು ಹೊರಟವನು ಇನ್ನೊಬ್ಬರ ಭಾಷೆಗೆ ದೀಪ ಹಚ್ಚಿ ಹೋದ.

2024ರಲ್ಲಿ ಮಗಳು ಐರ್ಲೆಂಡಿನ ಡಬ್ಲಿನ್‌ನಲ್ಲಿದ್ದಳು. ಬಾಣಂತನಕ್ಕೆ ಹೋದೆ. ಮೊಮ್ಮಗ ಹುಟ್ಟಿದ. ಎಣ್ಣೆನೀರು, ಅಳ್ವಿ ಪಾಯಸ, ಅಂಟಿನುಂಡೆಗಳ ನಡುವೆ ಬಿಡುವಾದಾಗ ಗಾಡಿಯಲ್ಲಿ ಮಗುವನ್ನು ಮಲಗಿಸಿಕೊಂಡು ಬೀದಿ ಸುತ್ತುತ್ತಿದ್ದೆ. ಅಲ್ಲಿ ಎಲ್ಲ ಫಲಕಗಳೂ ಎರಡು ಭಾಷೆಯಲ್ಲಿ, ಐರಿಷ್ ಮತ್ತು ಇಂಗ್ಲಿಷ್. ಊರ ನಡುವಿಗೆ ಹೋಗುವ ಬಸ್ಸಿನ ಮೇಲೆ "ಅನ್ ಲಾರ್" ಎಂದಿರುತ್ತದೆ, ನಡುಭಾಗ ಎಂದರ್ಥ.

ಐರಿಷ್ ಭಾಷೆಯ ನಡೆ ಹಂಗೇರಿಯನ್ನಿಗೆ ತಿರುಗುಮುರುಗು. ಅಲ್ಲಿ ಬದಲಾವಣೆ ಶಬ್ದದ ಬಾಲದಲ್ಲಿ, ಇಲ್ಲಿ ಬಹಳ ಸಲ ತಲೆಯಲ್ಲಿ. ಡಬ್ಲಿನ್ನಿನ ಐರಿಷ್ ಹೆಸರಿನ ಮೊದಲಕ್ಷರ "ಬ". ಡಬ್ಲಿನ್ನಿನಲ್ಲಿ ಎಂದು ಹೇಳಬೇಕಾದರೆ ಆ "ಬ"ಯ ಮುಂದೆ ಒಂದು "ಮ" ತಂದು ನಿಲ್ಲಿಸುತ್ತಾರೆ, ಬರೆಯುವಾಗ ಎರಡೂ ಇರುತ್ತವೆ, ಉಚ್ಚಾರದಲ್ಲಿ "ಮ" ಮಾತ್ರ ಕೇಳುತ್ತದೆ. ಗ್ರಹಣ ಹಿಡಿದ ಹಾಗೆ "ಬ" ಮರೆಯಾಗುತ್ತದೆ. ಕರೆಯುವಾಗಲೂ ಹೀಗೆಯೇ. ನಮ್ಮ ಸಂಬೋಧನಾ ವಿಭಕ್ತಿಯಲ್ಲಿ ರಾಮ ಎಂಬವನು "ರಾಮಾ" ಆಗುತ್ತಾನೆ, ಕೊನೆ ಉದ್ದವಾಗುತ್ತದ್ದೆ. ಅವರಲ್ಲಿ ಶಾನ್ ಎಂಬ ಹುಡುಗನನ್ನು ತಾಯಿ ಕೂಗಿದರೆ "ಅ ಹ್ಯಾನ್" ಎಂದು ಕೇಳಿಸುತ್ತದೆ, "ಶ" ಹೋಗಿ ಹಕಾರ ಬರುತ್ತದೆ. ಸ್ಕಾಟ್‌ಲೆಂಡಿನಲ್ಲಿ ಇದೇ ಬಗೆಯ ಕೂಗಿನಿಂದಲೇ ಹೇಮಿಶ್ ಎಂಬ ಹೊಸ ಹೆಸರು ಹುಟ್ಟಿತು. ಅದು ಜೇಮ್ಸ್‌ಗೆ ಸಮನಾದ ಅವರ ಹೆಸರಿನ ಸಂಬೋಧನೆಯ ರೂಪ.

ಬಾಲದ ಬದಲಾವಣೆಯೂ ಇಲ್ಲದಿಲ್ಲ. ನವೆಂಬರಿಗೆ ಅವರಲ್ಲಿ "ಸೌನ್" ಎಂದು ಹೆಸರು, ನವೆಂಬರ್ ಒಂದರಂದು ಬರುವ ಹಳೆಯ ಸುಗ್ಗಿಯ ಹಬ್ಬದ ಹೆಸರೇ ಅದು. "ಸೌನ್ ಮಾಸ" ಎನ್ನುವಾಗ ಷಷ್ಠಿಯಲ್ಲಿ "ಸೌನ" ಆಗುತ್ತದೆ. ತಾರೀಖಿನ ಅಂಕಿಯ ಪಕ್ಕದಲ್ಲಿ ಅವರೂ ಒಂದು ಅಕ್ಷರ ಇಡುತ್ತಾರೆ, ನಮ್ಮ "ನೇ" ಇದ್ದಂತೆ ಅವರಿಗೆ "ಊ". ಐದನೇ ಎಂಬುದನ್ನು 5ರ ಪಕ್ಕ "ಊ" ಇಟ್ಟು ಬರೆಯುತ್ತಾರೆ, ಅದು "ಕೂಗ್ಯೂ" ಎಂಬುದರ ಕೊನೆ. ದೇಶದ ಹೆಸರಿನಲ್ಲೂ ಹಳೆಯ ವಿಭಕ್ತಿಗಳು ಉಳಿದಿವೆ: ಐರ್ಲೆಂಡ್ "ಏರ್ಯ", ಐರ್ಲೆಂಡಿನ "ಏರನ್", ಐರ್ಲೆಂಡಿನಲ್ಲಿ ಎನ್ನುವಾಗ "ಏರಿನ್". ಇಂಗ್ಲಿಷ್ ಕವನಗಳಲ್ಲಿ ನಾನು ಓದಿದ್ದ "ಎರಿನ್" ಈ ಕೊನೆಯ ರೂಪದಿಂದ ಬಂದದ್ದೆಂದು ಬಿ.ಎ.ಯಲ್ಲಿ ಯಾರೂ ಹೇಳಿರಲಿಲ್ಲ.

ನನಗೆ ಅತಿ ಹತ್ತಿರವೆನಿಸಿದ್ದು ಇನ್ನೊಂದು. ಇಂಗ್ಲಿಷಿನ "ಹ್ಯಾವ್" ಎಂಬ ಕ್ರಿಯಾಪದ ಐರಿಷಿನಲ್ಲೂ ಇಲ್ಲ, ಹಂಗೇರಿಯನ್ನಿನಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. "ನನಗೆ ಮನೆಯಿದೆ, ನನ್ನಲ್ಲಿ ಹಣವಿದೆ" ಎನ್ನುತ್ತೇವೆ. ಐರಿಷಿನವರು "ನನ್ನಲ್ಲಿ ಐರಿಷ್ ಇದೆ" ಎನ್ನುತ್ತಾರೆ. ನಾವು "ನನಗೆ ಕನ್ನಡ ಬರುತ್ತದೆ" ಎನ್ನುತ್ತೇವೆ. ಭಾಷೆ ನಮ್ಮ ಆಸ್ತಿಯಲ್ಲ, ಅದು ನಮ್ಮ ಹತ್ತಿರ ಬರುವ ಅತಿಥಿ. ಬಾಗಿಲಲ್ಲಿ ನಕ್ಕು ಅವಮಾನಿಸಿದರೆ ತಿರುಗಿ ಹೋಗುತ್ತದೆ.

ಹೋಗಿಯೂ ಇದೆ. 19ನೆಯ ಶತಮಾನದಲ್ಲಿ ಅಲ್ಲಿನ ಎಷ್ಟೋ ಶಾಲೆಗಳಲ್ಲಿ ಮಗುವಿನ ಕೊರಳಿಗೆ ಕೋಲೊಂದನ್ನು ಕಟ್ಟುತ್ತಿದ್ದರು. ಐರಿಷ್ ಆಡಿದಾಗಲೆಲ್ಲ ಅದರ ಮೇಲೊಂದು ಗೀರು, ಗೀರಿಗೆ ತಕ್ಕ ಶಿಕ್ಷೆ. ಮಕ್ಕಳು ಇಂಗ್ಲಿಷ್ ಕಲಿತು ಉದ್ಧಾರವಾಗಲೆಂದು ತಂದೆತಾಯಿಗಳೂ ಇದಕ್ಕೆ ಕೈಜೋಡಿಸಿದ್ದುಂಟು. 1840ರ ದಶಕದ ಮಹಾಕ್ಷಾಮದಲ್ಲಿ ಸತ್ತವರಲ್ಲಿ, ದೇಶ ಬಿಟ್ಟವರಲ್ಲಿ ಐರಿಷ್ ಆಡುವ ಬಡವರೇ ಬಹಳ. ಅದನ್ನು ಉಳಿಸಲು 1893ರಲ್ಲಿ ಸಂಘ ಕಟ್ಟಿದವರಲ್ಲಿ ಒಬ್ಬರಾದ ಡಗ್ಲಸ್ ಹೈಡ್ 1938ರಲ್ಲಿ ದೇಶದ ಮೊದಲ ಅಧ್ಯಕ್ಷರಾದರು. ಇಂದು ಅದು ಅಲ್ಲಿನ ಮೊದಲನೆಯ ಅಧಿಕೃತ ಭಾಷೆ. ಆದರೂ 2022ರ ಜನಗಣತಿಯಲ್ಲಿ ಐರಿಷ್ ಬರುತ್ತದೆ ಎಂದವರು ಸುಮಾರು 18 ಲಕ್ಷ 70 ಸಾವಿರ, ಶಾಲೆಯ ಹೊರಗೆ ದಿನವೂ ಆಡುವವರು ಸುಮಾರು 72 ಸಾವಿರ ಮಾತ್ರ. ಕೊರಳಿಗೆ ಕೋಲು ಕಟ್ಟಿದ ಕಥೆ ಓದಿದಾಗ ನನ್ನ ಎದೆ ಝಲ್ಲೆಂದಿತು. ನಾನು ಕೋಲು ಕಟ್ಟಿರಲಿಲ್ಲ, ನಕ್ಕಿದ್ದೆ ಅಷ್ಟೇ. ನಗುವೂ ಗೀರು ಹಾಕುತ್ತದೆ.

ಪಾರ್ಕಿನಲ್ಲಿ ಒಬ್ಬ ತಾಯಿ ತನ್ನ ಮಗನೊಡನೆ ತಡವರಿಸುತ್ತ ಐರಿಷ್ ಆಡುತ್ತಿದ್ದಳು. ಶಾಲೆಯಲ್ಲಿ ಹದಿಮೂರು ವರ್ಷ ಕಲಿತರೂ ತಪ್ಪಾದೀತೆಂದು ಬಾಯಿ ಬಿಟ್ಟಿರಲಿಲ್ಲವಂತೆ. ಮಗನನ್ನು ಐರಿಷ್ ಶಾಲೆಗೆ ಹಾಕಿದ ಮೇಲೆ ಧೈರ್ಯ ಮಾಡಿದಳಂತೆ. ಅವಳೇ ನನಗೊಂದು ಗಾದೆ ಹೇಳಿದಳು. ಜಾಣ ಇಂಗ್ಲಿಷಿಗಿಂತ ಮುರುಕು ಐರಿಷ್ ಮೇಲು ಎಂದು ಅದರ ಅರ್ಥ. ಮನೆಗೆ ಬಂದು ಮಗಳಿಗೆ ಹೇಳಿದೆ. ಅವಳು ತೊಡೆಯ ಮೇಲಿದ್ದ ಮಗುವಿನ ಮುಖ ನೋಡಿ, "ಕೇಳಿದ್ಯಾ ಪುಟ್ಟಾ, ಅಜ್ಜೀಲಾ ಈಗ ತಿಳೀತಂತ" ಎಂದಳು. ಮೂವರಲ್ಲಿ ಇಬ್ಬರು ನಕ್ಕೆವು. ಈ ಸಲದ ನಗುವೇ ಬೇರೆ.

ಕೊನೆಗೊಂದು ಮಾತು. ಈ ಮೂರು ಭಾಷೆಗಳಿಗೂ ರಕ್ತಸಂಬಂಧವಿಲ್ಲ. ಐರಿಷ್ ದೂರದಿಂದ ಮರಾಠಿ, ಹಿಂದಿಗಳ ಬಳಗ. ಹಂಗೇರಿಯನ್ ಫಿನ್ನಿಷ್ ಬಳಗದ್ದು. ನಮ್ಮದು ದ್ರಾವಿಡ. ಐರ್ಲೆಂಡಿನ ಆಂಟ್ರಿಮ್ ಸೀಮೆಯಲ್ಲಿ 1814ರಲ್ಲಿ ಹುಟ್ಟಿ, ತಿರುನೆಲ್ವೇಲಿಯಲ್ಲಿ ಬಾಳಿದ ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದಾಗ, ನಮ್ಮ ಭಾಷೆಗಳಿಗೂ ಫಿನ್ನಿಷ್, ಹಂಗೇರಿಯನ್ ಮುಂತಾದವಕ್ಕೂ ನಂಟಿರಬಹುದೆಂದು ವಾದಿಸಿದ್ದರು. ಇಂದಿನ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ನಂಟಿಲ್ಲದಿದ್ದರೂ ಮೂವರೂ ಅಂಕಿಯ ಪಕ್ಕದಲ್ಲಿ ತಮ್ಮ ಒಂದಕ್ಷರ ಇಟ್ಟು, "ಇದನ್ನು ನಮ್ಮ ಭಾಷೆಯಲ್ಲಿ ಓದು" ಎನ್ನುತ್ತಾರಲ್ಲ, ಅದು ನನಗೆ ಸಾಕು.

ಆದ್ದರಿಂದ ಮಕ್ಕಳೇ, ನಿಮಗೆ ನನ್ನದು ಎರಡೇ ವಿನಂತಿ. ಒಂದು, ನಾಳೆಯಿಂದ ತಾರೀಖನ್ನಾದರೂ ಕನ್ನಡದಲ್ಲಿ ಓದಿ. ಎರಡು, ಊರಲ್ಲಿ ಅಜ್ಜ ಅಜ್ಜಿ ಇದ್ದರೆ ಇವತ್ತೇ ಫೋನು ಮಾಡಿ. "ಗೆ" ಬಾರದಿದ್ದರೆ "ಲಾ" ಎನ್ನಿ, ಚೆನ್ನೈಯಲ್ಲಿ ಬೆಳೆದವರು "ಕ್ಕು" ಎನ್ನಿ, ದಿಲ್ಲಿಯವರು "ಕೋ" ಎನ್ನಿ, ಅವರಿಗೆ ಅರ್ಥವಾಗುತ್ತದೆ. ನಿಮ್ಮ ತಾಯಿ ತಂದೆಯರಿಗೆ ನನ್ನದು ಒಂದೇ ವಿನಂತಿ, ನಗಬೇಡಿ.

ಮೊನ್ನೆ ಮಗಳ ಸಂದೇಶ ಬಂತು, ಕನ್ನಡ ಲಿಪಿಯಲ್ಲೇ: "ಅಮ್ಮ, ನವೆಂಬರ್ 1ಲಾ ಫೋನ್ ಮಾಡ್ತೀನಿ." ನಾನು ಬರೆದೆ: "1ರಂದು ಕಾಯ್ತಿರ್ತೀನಿ."